ಬರಿಗೈ

ಬಳಿ ತಗದು ಮೊಳಿಗೆ ಹಾಕೂ ಮುಂದ
ಅತ್ತಿ ನೀಲವ್ವ ದಿನಾ ಮಾರಿ ತಿರುವತಾಳ:
"ಗಂಡ ಗಟ್ಟಿ ಇರೂತನಾ
ಬರಿಗೈಲೆ ಹೊಸ್ತಿಲಾ ದಾಟಬ್ಯಾಡ."
ಬೆಟಗೇರಿಯ ನಮ್ಮ ಓಣಿ ಮುಗಿಯೂದರಾಗ
ಸೈಕಲ್ ಹಿಡಕೊಂಡು ನಿಂತಿರತಾರ ಇಮಾಮಸಾಬ ನದಾಫ.
ಅವರ ಮೊದಲನೇ ಮಾತೂ ಅದ:
"ಬರಿಗೈಲೆ ಬೋರ್ಡಿಗೆ ಹೋಗಬ್ಯಾಡ."

ಇಬ್ಬರ ನಡುವ ನನ್ನ ಎರಡು ಕೈ.

ಮೊದಲ ಆರು ತಿಂಗಳು ನಾ ಬರೇ ಚೀಲ ಹೊತ್ತೆ.
ಸ್ಕ್ರೂಡ್ರೈವರ್ ಎಲ್ಲಿ, ವೈರ್ ಸುಲಿಯೂದು ಎಲ್ಲಿ,
ಕಣ್ಣು ಮುಚ್ಚಿ ತಗದು ಕೊಡಬೇಕು.
ಒಂದು ಕಟಿಂಗ್ ಪ್ಲೇಯರಿನ ಹಿಡಿಕಿ ರಬ್ಬರ್ ಸೀಳಿತ್ತು,
ಶಾಣ್ಯಾಕಿ ಅನಿಸಿಕೊಳ್ಳಾಕ ಟೇಪ್ ಸುತ್ತಿ ಇಟ್ಟಿದ್ದೆ.
ಮಾಮಾ ಬೈಲಿಲ್ಲ.
ಗುಜರಿ ಗಾಡಿ ಬರೂತನಾ ಕಾದು, ತೂಕಕ್ಕ ಹಾಕಿ,
ಬಂದ ರೊಕ್ಕಕ್ಕ ಒಂದು ಚಾ ತರಿಸಿ
ಇಬ್ಬರಿಗೂ ಹಂಚಿದ್ರು.
ಬಸಿ ಹಿಡಿದ ಅವರ ಎಡಗೈಯಾಗ
ಎರಡು ಬಟ್ಟು ಮಡಚಾಕ ಬರಂಗಿಲ್ಲ.
ಯಾವ ಮನಿ, ಯಾವ ವರ್ಷ, ನಾ ಕೇಳಿಲ್ಲ.

ಅಲ್ಯೂಮಿನಿಯಂ ಏಣಿ ಹಗುರ, ಆದ್ರ ಅದು ಬ್ಯಾಡ,
ಬಿದಿರಿಂದ ಹೊರು ಅಂತಾರ. ಹೊರತೇನಿ.
ಫ್ಯೂಸ್ ಕಿತ್ತಿದ್ದು ಬೋರ್ಡಿನ ಮ್ಯಾಲ ಇಡಬಾರದು.
ಸೀರಿ ಮ್ಯಾಲ ಗಂಡನ ಹಳೇ ಅಂಗಿ ಹಾಕ್ಕೊಂಡಿರತೇನಿ,
ಅದರ ಕಿಸೆ ಇರೂದು ಅದಕ್ಕ.
ಕರೆಂಟ್ ಬೇಕಾದವರು ನನ್ನ ಕೇಳಬೇಕು.
ಮನಿಯಾಗ ಯಾರೂ ಏನೂ ಕೇಳದ ನನ್ನ
ಹನ್ನೆರಡು ಮಗ್ಗದ ಮಾಲಕ ಕೈ ಕಟ್ಟಿ ಕೇಳತಾನ:
"ಅಕ್ಕಾರ, ಯಾವಾಗ ಕೊಡ್ತೀರಿ?"

ಅವತ್ತು ಕಬಾಡಿಯವರ ಶೆಡ್ಡಿನಾಗ
ಮಗ್ಗ ಎಲ್ಲಾ ನಿಂತಿದ್ದುವು.
ಕಿವಿಯಾಗ ಇನ್ನೂ ಖಟಖಟ, ರೆಪ್ಪಿ ಮ್ಯಾಲ ಹತ್ತಿಯ ಧೂಳು.
ಫ್ಯೂಸ್ ಕಿಸೆಯಾಗ. ಕಾಲ ಕೆಳಗ ರಬ್ಬರ್ ಚಾಪಿ.
ಕೈಯಾಗ ನಮ್ಮ ಬಲ್ಬು,
ಹೋಲ್ಡರಿಗೆ ಎರಡು ವೈರ್ ಕಟ್ಟಿದ್ದು.
ಅದಕ್ಕೂ ಪರೀಕ್ಷಾ ಐತಿ ಅಂತಾರ ಮಾಮಾ:
ಮೊದಲು ಜೀವ ಇದ್ದಲ್ಲಿ ಹಿಡಿ,
ಆಮ್ಯಾಲ ಸತ್ತೈತಿ ಅಂದಲ್ಲಿ ಹಿಡಿ,
ತಿರುಗಿ ಬಂದು ಮತ್ತ ಜೀವ ಇದ್ದಲ್ಲಿ ಹಿಡಿ.

ಪಡಸಾಲಿ ಪ್ಲಗ್ಗಿನಾಗ ಹಿಡದೆ, ಹತ್ತಿತು.
ಏಣಿ ಏರೂ ಮುಂದ ಬಲ್ಬು ಮೆಟ್ಟಿಲಕ ಬಡೀತು, ಸಣ್ಣಗ.
ಮಗ್ಗದ ವೈರಿಗೆ ಹಿಡದೆ, ಕತ್ತಲ.
ಆತಲ್ಲ ಅಂದೆ.
ಕೆಳಗ ಚಾಪಿ ಅಂಚಿಗೆ ನಿಂತ ಮುದುಕ
ಮೂರು ಬಟ್ಟು ಎತ್ತಿ ತೋರಿಸಿದ.
ಬ್ಯಾಸರಕಿಯಿಂದ ಇಳದೆ. ಪಡಸಾಲಿಗೆ ಹೋದೆ.
ಅಲ್ಲೂ ಕತ್ತಲ.

ಚೀಲದಾಗಿನ ಇನ್ನೊಂದು ಬಲ್ಬು ಒಯ್ದು ಹಿಡದರ
ಸತ್ತ ವೈರು
ಮದಿವಿ ಮನಿಯಂಗ ಬೆಳಗತಿತ್ತು.

ಪಕ್ಕದ ಶೆಡ್ಡಿನವರು ಎಂದೋ ರಾತ್ರಿ
ಗ್ವಾಡಿ ತೂತಿನಾಗಿಂದ ಒಂದು ಎಳಿ ಹಾಯಿಸಿ
ಈ ಕಡಿ ಎಳಿಗೆ ಕೂಡಿಸಿದ್ದರು.
ನೇಯವರ ಊರು. ಗಂಟು ಕಾಣದಂಗ ಹಾಕೂದು
ಇಲ್ಲಿ ಕೂಸಿಗೂ ಗೊತ್ತು.

ಮಾಮಾ ತಂಬಾಕದ ಡಬ್ಬಿ ತಗದ್ರು, ಹಂಗ ಮುಚ್ಚಿದ್ರು.
ನಾ ಕಿಸೆಯಾಗಿನ ಫ್ಯೂಸ್ ಮುಟ್ಟಿ ಮುಟ್ಟಿ ನೋಡಿದೆ.

ಮನಿಗೆ ಬಂದು ಅತ್ತಿ ಮುಂದ ಹೇಳಬಾರದಿತ್ತು,
ಹೇಳಿದೆ.
ಆಕಿ ಏನೂ ಅನ್ನಲಿಲ್ಲ, ರೊಟ್ಟಿ ಬಡದಳು.

ಮರದಿನ ಮುಂಜಾನೆ ಬಳಿ ತಗದು ಮೊಳಿಗೆ ಹಾಕಿದೆ.
ಗ್ಲೌಸಿನ ಬಾಯಿ ಸುರುಳಿ ಸುತ್ತಿ ಗಾಳಿ ತುಂಬಿದೆ,
ಐದೂ ಬಟ್ಟು ಉಬ್ಬಿ ನಿಂತುವು,
ಯಾರದೋ ದಪ್ಪ ಕೈ ನಮಗ ಆಶೀರ್ವಾದ ಮಾಡಿದಂಗ.
ಕಿವಿಗೆ ಹಿಡಕೊಂಡೆ, ಹೊತ್ತಾಗಿತ್ತು, ಸರಿ ಐತಿ ಅಂದೆ.

"ಇಲ್ಲಿ ತಾ" ಅಂದಳು ನೀಲವ್ವ.
ಹಿಟ್ಟಿನ ಕೈ ಸೆರಗಿಗೆ ಒರಸಿ,
ಒಂದೊಂದ ಬಟ್ಟು ಕೆನ್ನಿಗೆ ಹಚ್ಚಿ ಒತ್ತಿದಳು,
ಕೂಸಿನ ಜ್ವರ ನೋಡಿದಂಗ.
ಉಂಗುರದ ಬಟ್ಟಿಗೆ ಬಂದು ತಡದಳು.

"ಇಲ್ಲಿ ಸುಂಯ್ ಅಂತೈತಿ ನೋಡು.
ಇದು ಬ್ಯಾಡ."